ಘಾಟ್ಕೋಪರ್ ಗೋಡೆಯ ಹಾವಸೆ

ನಾನು ನಿವೃತ್ತನಾಗಿ ಮನೆಯಲ್ಲಿ ಕೂತ ಮೇಲೆ, ಕಾಲೇಜಿನಲ್ಲಿ ನನ್ನ ಜಾಗಕ್ಕೆ ಬಂದ ಹುಡುಗಿ ಒಂದು ದಿನ ಮನೆ ಹುಡುಕಿಕೊಂಡು ಬಂದಳು. ಕೈಯಲ್ಲಿ ಹಳೆಯ ಕಾಗದದ ಪೊಟ್ಟಣ. "ಅಂಕಲ್, ಅಕ್ಷರ ನಿಮ್ದೇ ನಾ? ಜಾಗದ ಹೆಸರು ಎರಡು ಸಲ ಬರೆದು ಎರಡು ಸಲ ಕಾಟು ಹೊಡೆದಿದ್ದೀರಿ. ಸಹೀ ಹೆಸರು ಯಾವುದು?" ಎಂದಳು. ಕನ್ನಡಕ ಹಾಕಿ ನೋಡಿದೆ, ತೆಗೆದು ನೋಡಿದೆ. ಅಕ್ಷರ ನನ್ನದೇ. ಜಾಗ ಯಾವುದೆಂದು ದೇವರಿಗೇ ಗೊತ್ತು. ಅವಳು ಚಹಾ ಕುಡಿದು ಹೋಗುವಾಗ, ಈ ಕೆಲಸ ನಿಜಕ್ಕೂ ಹೇಗಿತ್ತು ಎಂದು ಬರೆದುಕೊಡಿ, ಕೆಲಸಕ್ಕೆ ಬರುತ್ತದೆ ಎಂದಳು. ಕೆಲಸಕ್ಕೆ ಬರುವುದೋ ಇಲ್ಲವೋ, ಬರೆಯುತ್ತಿದ್ದೇನೆ. ಯಾವ ವರ್ಷ ಎಷ್ಟು ಪಗಾರ ಏರಿತು, ಯಾವಾಗ ಕಾಯಂ ಆದೆ ಎಂಬುದನ್ನೆಲ್ಲ ಬಿಟ್ಟಿದ್ದೇನೆ. ಅದು ಎಲ್ಲರ ನೌಕರಿಯಲ್ಲೂ ಒಂದೇ ಥರ ಇರುತ್ತದೆ.

ಐವತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ಇಂಟರ್ ಸೈನ್ಸ್ ಅನ್ನು ಹೇಗೋ ದಾಟಿ, ಘಾಟ್ಕೋಪರಿನಲ್ಲಿ ಗುಡ್ಡದ ಬುಡದ ಚಾಳಿನಲ್ಲಿದ್ದ ಸೋದರಮಾವನ ಖೋಲಿಗೆ ಬಂದು ಬಿದ್ದಿದ್ದೆ. ಮಾವನ ಪರಿಚಯದವರು ಯಾರೋ ಹೇಳಿ, ಪಟ್ಟಣದ ಒಂದು ಕಾಲೇಜಿನ ಸಸ್ಯಶಾಸ್ತ್ರ ವಿಭಾಗದಲ್ಲಿ ಅಸಿಸ್ಟೆಂಟ್ ಕೆಲಸ ಸಿಕ್ಕಿತು. ಗಿಡಗಳನ್ನು ತರುವುದು, ಒಣಗಿಸುವುದು, ಲೇಬಲ್ ಬರೆಯುವುದು, ಬೀರುವಿನಲ್ಲಿ ಇಡುವುದು. ಹೂವು ಹಣ್ಣುಗಳ ನಡುವೆ ಆರಾಮಾಗಿ ದಿನ ಕಳೆಯಬಹುದೆಂದು ಬಿಳಿ ಅಂಗಿ ಹಾಕಿಕೊಂಡು ಹೋದೆ.

ವಿಭಾಗದ ಮುಖ್ಯಸ್ಥರು ಪೇಂಡ್ಸೆ ಸಾಹೇಬರು. ಕುಳ್ಳಗೆ, ಗಟ್ಟಿ ದನಿ, ಕಿಸೆಯಲ್ಲಿ ಯಾವಾಗಲೂ ಒಂದು ಭೂತಗನ್ನಡಿ. ಮೊದಲ ದಿನವೇ ನನ್ನನ್ನು ಕಟ್ಟಡದ ಹಿಂದಿನ ಮೋರಿಯ ಹತ್ತಿರ ಕರೆದೊಯ್ದು, ಒದ್ದೆ ಗೋಡೆಯನ್ನು ತೋರಿಸಿದರು.

"ಅಲ್ಲಿ ಏನಿದೆ?"

"ಪಾಚಿ, ಸರ್."

"ಎಷ್ಟು ಥರ?"

"ಒಂದು, ಸರ್."

ತೋಳು ಹಿಡಿದು ಜಗ್ಗಿ ಮಂಡಿಯೂರಿಸಿದರು. ಬಿಳಿ ಪ್ಯಾಂಟು ಅಂದೇ ಹೋಯಿತು. ಭೂತಗನ್ನಡಿಯಲ್ಲಿ ನೋಡಿದರೆ, ಐದು ಥರ ಇದೆಯೆಂದು ಅವರು ಹೇಳಿದ ಕಡೆ ನನಗೆ ಮೂರು ಕಂಡವು. ಮಾರನೆಯ ದಿನ ಹಟದಿಂದ ನಾನೊಬ್ಬನೇ ಹೋಗಿ ಏಳು ಹುಡುಕಿದೆ. ಸಾಹೇಬರು ಬಂದು ನೋಡಿ, ಅದರಲ್ಲಿ ಎರಡು ಬರೀ ಹೊಲಸು ಎಂದರು. ನನ್ನ ವೃತ್ತಿ ಶುರುವಾದದ್ದು ಹೀಗೆ.

ಜನ ಪಾಚಿ, ಹಾವಸೆ, ಶೇವಾಳ ಎಂದು ಬಾಯಿಗೆ ಬಂದದ್ದನ್ನು ಅನ್ನುತ್ತಾರೆ. ನೀರಿನಲ್ಲಿ ತೇಲುವ, ಕಾಲು ಜಾರಿಸುವ ಪಾಚಿ ಬೇರೆ. ನಾನು ಹೇಳುವ ಹಾವಸೆ ಗೋಡೆಗೆ, ಕಲ್ಲಿಗೆ ಕಚ್ಚಿಕೊಂಡು ಪುಟ್ಟ ಎಲೆಗಳನ್ನು ಬಿಡುವ ಗಿಡ. ಇದಕ್ಕೆ ನಿಜವಾದ ಬೇರಿಲ್ಲ. ಬೇರಿನಂತೆ ಕಾಣುವ ಎಳೆಗಳು ಹಿಡಿದುಕೊಳ್ಳಲಿಕ್ಕೆ ಮಾತ್ರ. ದೊಡ್ಡ ಮರಗಳಲ್ಲಿರುವಂತೆ ನೀರೇರಿಸುವ ನಾಳಗಳೂ ಇಲ್ಲ. ಅಂಗಿ ನೆನೆದ ಹಾಗೆ ಮೈಯೆಲ್ಲ ನೆನೆದು ಕುಡಿಯುತ್ತದೆ. ಗಂಡಿನ ಕಣ ಮಳೆನೀರಿನಲ್ಲಿ ಈಜಿ ಹೆಣ್ಣಿನ ಹತ್ತಿರ ಹೋಗಬೇಕು, ಹಾಗಾಗಿ ನೀರಿಲ್ಲದೆ ಮದುವೆಯಿಲ್ಲ. ಮದುವೆಯಾದ ಮೇಲೆ ಹಸಿರು ಗಿಡದ ನೆತ್ತಿಯಿಂದ ಒಂದು ಕಡ್ಡಿ ಏಳುತ್ತದೆ, ಕಡ್ಡಿಯ ತುದಿಗೆ ಒಂದು ಡಬ್ಬಿ, ಡಬ್ಬಿಯ ತುಂಬ ಧೂಳಿನಂಥ ಬೀಜಕಣಗಳು. ಇಲ್ಲಿಯವರೆಗೆ ನನಗೆ ಸಲೀಸಾಗಿ ತಿಳಿಯಿತು. ಆಮೇಲೆ ಸಾಹೇಬರು, ಆ ಕಡ್ಡಿ ಡಬ್ಬಿ ಅದೇ ಗಿಡದ ಭಾಗವಲ್ಲ, ಅದು ಮುಂದಿನ ತಲೆಮಾರು, ತಾಯಿಯ ನೆತ್ತಿಯ ಮೇಲೆ ನಿಂತು ತಾಯಿಯ ಅನ್ನವನ್ನೇ ಉಣ್ಣುವ ಮಗ ಎಂದರು.

"ಹಂಗಾದ್ರ ಗಿಡ ಯಾವ್ದು ಸರ್, ತಾಯಿಯೋ ಮಗನೋ?"

"ದೋನೋ." ಎರಡೂ ಅಂತೆ.

ಇದು ತಲೆಯೊಳಗೆ ಇಳಿಯಲು ನನಗೆ ಮೂರು ಮಳೆಗಾಲ ಹಿಡಿಯಿತು. ಈಗಲೂ ಯಾರಾದರೂ ಗಟ್ಟಿಸಿ ಕೇಳಿದರೆ ಒಂದು ಕ್ಷಣ ತಡವರಿಸುತ್ತೇನೆ.

ಮೊದಲ ದೊಡ್ಡ ಎಡವಟ್ಟನ್ನೂ ಹೇಳಿಬಿಡುತ್ತೇನೆ. ಹೂಬಿಡುವ ಗಿಡಗಳನ್ನು ಹಲಗೆಗಳ ನಡುವೆ ಇಟ್ಟು ಪಟ್ಟಿ ಬಿಗಿದು ಒಣಗಿಸುತ್ತಾರೆ. ನಾನು ಹಾವಸೆಯನ್ನೂ ಹಾಗೇ ಇಟ್ಟು, ಮೈಮೇಲಿನ ಬಲವೆಲ್ಲ ಹಾಕಿ ಬಿಗಿದೆ. ಒಂದು ವಾರ ಬಿಟ್ಟು ತೆಗೆದರೆ ಡಬ್ಬಿಗಳೆಲ್ಲ ಒಡೆದು ಕಾಗದಕ್ಕೆ ಹಸಿರು ಪದರ ಅಂಟಿತ್ತು. ಸಾಹೇಬರು ಅದನ್ನು ಬೆಳಕಿಗೆ ಹಿಡಿದು, ನನ್ನ ಅಡ್ಡಹೆಸರು ಕರೆದು, "ಹಳ್ಯಾಳ, ಹೇ ಕಾಯ್? ಪಾಪಡ್?" ಎಂದರು, ಇದೇನು, ಹಪ್ಪಳವೇ ಎಂದು. ಹಾವಸೆಯನ್ನು ಅದುಮಬಾರದು. ಹಳೆಯ ಪೇಪರಿನ ಪೊಟ್ಟಣ ಕಟ್ಟಿ, ಗಾಳಿಗೆ ಒಣಗಿಸಿ, ಪೆನ್ಸಿಲಿನಲ್ಲಿ ಹೆಸರು ಬರೆದು ಇಟ್ಟರೆ ಸಾಕು. ನೋಡಬೇಕೆಂದಾಗ ಒಂದು ಎಸಳನ್ನು ನೀರಿನ ಹನಿಯಲ್ಲಿ ಹಾಕಿದರೆ ಮುದುಡಿದ ಎಲೆಗಳು ಬಿಚ್ಚಿ ಹಸಿರಾಗಿ ನಿಲ್ಲುತ್ತವೆ. ನಾನು ಹುಟ್ಟುವ ಮೊದಲೇ ಕಟ್ಟಿದ ಒಂದು ಪೊಟ್ಟಣದ ಎಲೆ ನನ್ನ ಕಣ್ಣೆದುರು ಹೀಗೆ ಬಿಚ್ಚಿಕೊಂಡಾಗ ನಾನು ಕುರ್ಚಿ ಹಿಂದೆ ಸರಿಸಿದ್ದೆ.

"ಸರ್, ಇದು ಸತ್ತೈತೋ ಬದುಕೈತೋ?"

"ಬಿಚ್ಚಿಕೊಳ್ಳುವುದು ಬೇರೆ, ಬದುಕುವುದು ಬೇರೆ. ಕೆಲವು ನಿಜಕ್ಕೂ ಎದ್ದು ಬೆಳೆಯುತ್ತವೆ. ಯಾವುದು ಏಳುತ್ತದೆ, ಯಾವುದು ಏಳುವುದಿಲ್ಲ ಎಂದು ಊಟಕ್ಕೆ ಮೊದಲು ನನ್ನನ್ನು ಕೇಳಬೇಡ," ಎಂದರು ಸಾಹೇಬರು. ಊಟದ ನಂತರ ನಾನೇ ಮರೆತೆ. ಕೇಳಿಟ್ಟುಕೊಂಡಿದ್ದರೆ ಮುಂದಿನದು ಎಷ್ಟೋ ತಪ್ಪುತ್ತಿತ್ತು.

ಈಗಿನವರಿಗೆ ನಗು ಬರುವಂಥ ಇನ್ನೊಂದು ಸಂಗತಿ. ಆಗ ಮುಂಬಯಿಯಲ್ಲಿ ಪಾನನಿಷೇಧ. ಕೆಲವು ಗಿಡಗಳನ್ನು ಕಿತ್ತ ಕೂಡಲೇ ಸ್ಪಿರಿಟ್ಟಿನ ಮಿಶ್ರಣದಲ್ಲಿ ಮುಳುಗಿಸಿ ತರಬೇಕಿತ್ತು. ಗೋರೆಗಾಂವ್ ಸ್ಟೇಶನ್ನಿನಲ್ಲಿ ಒಬ್ಬ ಹವಾಲ್ದಾರ ನನ್ನ ಬಾಟಲಿ ಹಿಡಿದ. ಪರವಾನಗಿ ಪತ್ರ ನನ್ನ ಇನ್ನೊಂದು ಪ್ಯಾಂಟಿನ ಕಿಸೆಯಲ್ಲಿತ್ತು. "ಇದು ಗಿಡದ ಔಷಧ," ಎಂದೆ. "ಎಲ್ಲರೂ ಹಾಗೇ ಹೇಳ್ತಾರೆ," ಎಂದು ಮುಚ್ಚಳ ತೆಗೆದು ಜೋರಾಗಿ ಮೂಸಿದ. ಅದರಲ್ಲಿ ಫಾರ್ಮಲಿನ್ ಇತ್ತು. ಪಾಪ, ಕಣ್ಣಲ್ಲಿ ನೀರು ಸುರಿಸುತ್ತ ಬಾಟಲಿ ನನ್ನ ಕೈಗೆ ತುರುಕಿ, "ಜಾ ಬಾಬಾ, ಜಾ," ಎಂದ. ಪರವಾನಗಿ ಪತ್ರವನ್ನು ಆಮೇಲೆ ಅಂಗಿಗೇ ಹೊಲಿಸಿಕೊಂಡೆ.

ಮುಂಬಯಿಯ ಮಳೆಗಾಲದಲ್ಲಿ ಪೊಟ್ಟಣ ಒಣಗಿಸುವುದು ದೊಡ್ಡ ಕಷ್ಟ. ಗಾಳಿಯೇ ಒದ್ದೆ. ಮೂರು ದಿನಕ್ಕೆ ಬೂಸಲು ಬರುತ್ತಿತ್ತು. ಇದಕ್ಕೆ ದಾರಿ ತೋರಿಸಿದವರು ಮಾಟುಂಗಾದಲ್ಲಿ ಹೋಟೆಲಿಟ್ಟಿದ್ದ ಉಡುಪಿ ಕಡೆಯ ಪದ್ಮನಾಭ ರಾಯರು. ಅವರ ಮಗಳು ಲಲಿತಾ ನಮ್ಮ ವಿಭಾಗದಲ್ಲಿ ಸಂಶೋಧನೆ ಮಾಡುತ್ತಿದ್ದಳು. ಹೋಟೆಲಿನ ಒಲೆಯ ಹಿಂದಿನ ಗೋಡೆ ಸದಾ ಬೆಚ್ಚಗಿರುತ್ತಿತ್ತು. ಅಲ್ಲಿ ಹಗ್ಗ ಕಟ್ಟಿ ಪೊಟ್ಟಣ ತೂಗುಹಾಕಲು ರಾಯರು ಒಪ್ಪಿದರು.

"ಇದೆಂತದ್ದು ಮಾರಾಯ್ರೆ, ಪಾಚಿಗೂ ಬಿಸಿ ಕಾಯಿಸುವುದುಂಟಾ? ಗಿರಾಕಿಗಳು ಕೇಳಿದರೆ ನಾನೆಂತ ಹೇಳ್ಲಿ?"

"ಸಾಂಬಾರ ಮಸಾಲಿ ಅಂತ ಹೇಳ್ರಿ ರಾಯರ."

"ಹಾಗೆ ಹೇಳಿದರೆ ನಾಳೆಯಿಂದ ಒಂದು ನಾಯಿಯೂ ಬರ್ಲಿಕ್ಕಿಲ್ಲ," ಎಂದು ಗದರಿದರೂ ಹಗ್ಗಕ್ಕೆ ಮೊಳೆ ಅವರೇ ಹೊಡೆಸಿಕೊಟ್ಟರು.

ಲಲಿತಾಳ ವಿಷಯ ಇಲ್ಲಿ ಸರಿಯಾಗಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅವಳದೇ. ಮುಂಬಯಿ ಮತ್ತು ಉಪನಗರಗಳ ಹಾವಸೆಗಳ ಮೇಲೆ ಎಂ.ಎಸ್ಸಿ.ಗೆ ಪ್ರಬಂಧ ಬರೆಯುತ್ತಿದ್ದಳು. ಒಬ್ಬಳೇ ಗುಡ್ಡಗಾಡು ಸುತ್ತುವಂತಿರಲಿಲ್ಲವಾದ್ದರಿಂದ ನಾನು ಭಾನುವಾರಗಳಲ್ಲಿ ತಂದುಕೊಡುತ್ತಿದ್ದೆ, ಅವಳು ನೋಡಿ ಗುರುತಿಸುತ್ತಿದ್ದಳು. ಮಾತು ಕಡಿಮೆ, ಕಣ್ಣು ಚುರುಕು. ಪ್ರಬಂಧ ಕೊಡುವ ಅವಧಿ ಒಮ್ಮೆ ವಿಸ್ತರಣೆಯಾಗಿ, ಆ ವರ್ಷದ ದೀಪಾವಳಿಗೆ ಮುಗಿಯುತ್ತಿತ್ತು. ಮತ್ತೆ ವಿಸ್ತರಣೆಯಿಲ್ಲ. ಅಷ್ಟರಲ್ಲಿ ಕೊಡದಿದ್ದರೆ ಮೂರು ವರ್ಷದ ಕೆಲಸ ನೀರುಪಾಲು. ಸಾಹೇಬರು ಅವಳಿಗೆ ಪದೇ ಪದೇ ಹೇಳುತ್ತಿದ್ದ ಮಾತು ಒಂದೇ: ಬರೀ ಪಟ್ಟಿಯಾಯಿತು, ಹೊಸದೇನೂ ಇಲ್ಲ, ಪರೀಕ್ಷಕರು ಏನೆನ್ನುತ್ತಾರೋ.

ಗಣೇಶ ಚೌತಿಗೆ ಲಲಿತಾ ತಾಯಿಯ ಜೊತೆ ಘಾಟ್ಕೋಪರಿನ ಯಾರೋ ನೆಂಟರ ಮನೆಗೆ ಬಂದಳು. ಆ ಮನೆ ನಮ್ಮ ಚಾಳಿನ ಪಕ್ಕದ ಬಿಲ್ಡಿಂಗಿನಲ್ಲಿತ್ತು. ಮೋದಕ ತಿನ್ನುವುದು ಬಿಟ್ಟು ಅವಳು ಎರಡೂ ಕಟ್ಟಡಗಳಿಗೆ ಒಂದೇ ಆದ ಹಿತ್ತಲಿನ ಗುಡ್ಡಕ್ಕೆ ಕಟ್ಟಿದ್ದ ಕಲ್ಲಿನ ತಡೆಗೋಡೆಯನ್ನು ನೋಡುತ್ತ ನಿಂತಳಂತೆ. ಎರಡು ದಿನ ಬಿಟ್ಟು ವಿಭಾಗಕ್ಕೆ ಬಂದು, ಪೆಪ್ಪರಮಿಂಟಿನ ತಗಡಿನ ಡಬ್ಬಿ ತೆಗೆದು ಮೇಜಿನ ಮೇಲಿಟ್ಟಳು. ಒಳಗೆ ಒಂದು ಹಿಡಿ ಹಾವಸೆ. ಕಡ್ಡಿಯ ತುದಿಯ ಡಬ್ಬಿಗಳಿಗೆಲ್ಲ ಕಂದು ಕೂದಲಿನ ಟೋಪಿ, ಮಳೆಯಲ್ಲಿ ಕಂಬಳಿ ಕೊಪ್ಪೆ ಹೊದ್ದು ನಿಂತ ಕುರುಬರ ಹಾಗೆ. ಇದರ ಹೆಸರು ಪೊಗೊನೇಟಮ್. ಖಂಡಾಳಾ, ಮಹಾಬಳೇಶ್ವರದ ಎತ್ತರದಲ್ಲಿ ಸಿಗುವಂಥದ್ದು. ಮುಂಬಯಿಯಲ್ಲಿ ಇದೆಯೆಂದು ನಮ್ಮ ಬೀರುವಿನ ಒಂದು ಪೊಟ್ಟಣವೂ ಹೇಳುತ್ತಿರಲಿಲ್ಲ.

ಸಾಹೇಬರು ನೋಡಿದವರೇ ಕುರ್ಚಿಯಿಂದ ಎದ್ದರು. "ಸಮುದ್ರದ ಮಟ್ಟದಲ್ಲಿ! ಲಲಿತಾ, ಪಟ್ಟಿ ಹೋಯಿತು, ಈಗ ಇದು ಪ್ರಬಂಧ!" ಘಟ್ಟದ ಮೇಲಿನ ಗಿಡ ಕೆಳಗಿನ ಸೆಕೆಯಲ್ಲಿ ಹೇಗೆ ಬದುಕಿದೆ ಎಂದು ಒಂದು ಇಡೀ ಅಧ್ಯಾಯ ಬರೆಯಬೇಕೆಂದು ಅಲ್ಲೇ ತೀರ್ಮಾನವಾಯಿತು. ಆ ವಾರವೇ ಸಸ್ಯಶಾಸ್ತ್ರದವರ ಒಂದು ಸಭೆಯಲ್ಲಿ ಸಾಹೇಬರು ಇದನ್ನು ಘೋಷಿಸಿಯೂ ಬಿಟ್ಟರು. ಲಲಿತಾ ಅಂದು ನಕ್ಕದ್ದನ್ನು ನೋಡಿದೆ. ಮೂರು ವರ್ಷದಲ್ಲಿ ಮೊದಲ ಸಲ ಹಲ್ಲು ಕಾಣುವ ಹಾಗೆ ನಕ್ಕಳು.

ನಾನು ಮಾತ್ರ ನಗಲಿಲ್ಲ. ಯಾಕೆಂದು ಹೇಳುತ್ತೇನೆ.

ಪ್ರಾಯೋಗಿಕ ಪರೀಕ್ಷೆಗಳು ನಡೆಯುವುದು ಬೇಸಗೆಯಲ್ಲಿ. ಮುಂಬಯಿಯ ಗೋಡೆಗಳೆಲ್ಲ ಒಣಗಿ ಕರಿದಾದಾಗ ವಿದ್ಯಾರ್ಥಿಗಳ ಮುಂದೆ ಹಸಿರು ಹಾವಸೆ ಇಡಬೇಕು, ಡಬ್ಬಿಸಮೇತ. ಅದಕ್ಕಾಗಿ ನಾನು ಚಳಿಗಾಲದಲ್ಲಿ ಖಂಡಾಳಾಕ್ಕೆ ಹೋಗಿ ಮಣ್ಣುಸಮೇತ ಪೊಗೊನೇಟಮ್ ಕಿತ್ತು ಚೀಲದಲ್ಲಿ ತರುತ್ತಿದ್ದೆ. ಕಾಲೇಜಿಗೆ ಭಾನುವಾರ ಬೀಗ, ನೀರು ಹಾಕುವವರಿಲ್ಲ. ಹೀಗಾಗಿ ಅದನ್ನು ಕುಂಡಗಳಲ್ಲಿಟ್ಟು ನಮ್ಮ ಚಾಳಿನ ಹಿಂದೆ, ಸಾರ್ವಜನಿಕ ನಳದ ನೀರು ಹರಿದುಹೋಗುವ ನೆರಳಿನಲ್ಲಿ ಸಾಕುತ್ತಿದ್ದೆ. ಪರೀಕ್ಷೆ ಮುಗಿದ ಮೇಲೆ ಉಳಿದವು ಬಿಸಿಲಿಗೆ ಒಣಗಿ ಕಂದಾಗುತ್ತಿದ್ದವು. ಸತ್ತಿವೆ ಎಂದುಕೊಂಡು ಮಣ್ಣನ್ನು ಹಿತ್ತಲಿಗೆ ಚೆಲ್ಲುತ್ತಿದ್ದೆ. ನಾಲ್ಕು ವರ್ಷ ಹೀಗೆ ಚೆಲ್ಲಿದ್ದೆ. ಲಲಿತಾ ನೋಡಿದ ಗೋಡೆ ಅದೇ ಹಿತ್ತಲಿನದು.

ಹಾಗಾದರೆ ಅದು ನಾನು ಚೆಲ್ಲಿದ್ದೇ? ಇಲ್ಲೇ ನನ್ನ ತಲೆ ಕೆಟ್ಟದ್ದು. ಎಲ್ಲ ವರ್ಷವೂ ಗೋಡೆಯ ಬುಡಕ್ಕೇ ಚೆಲ್ಲಿದೆನೇ? ಒಂದು ವರ್ಷ ಅತ್ತೆ, ಅಂದರೆ ಮಾವನ ಹೆಂಡತಿ, ತುಳಸಿಗೆ ಮಣ್ಣು ಕೇಳಿದ್ದಳು, ಕೊಟ್ಟಿದ್ದೆ. ಇನ್ನೊಂದು ವರ್ಷ ಮೋರಿಯ ಆಚೆ ಸುರಿದ ನೆನಪು. ನಾನು ಬರುವ ಮೊದಲೇ ಅದು ಆ ಗೋಡೆಯಲ್ಲಿ ಇದ್ದಿರಬಾರದೇಕೆ? ನಾಲ್ಕು ವರ್ಷ ಆ ಗೋಡೆಯ ಪಕ್ಕದಲ್ಲೇ ಹಲ್ಲುಜ್ಜಿದ್ದೇನೆ, ಒಂದು ಸಲವೂ ನೋಡಲಿಲ್ಲ. ಹಾವಸೆ ಹುಡುಕಲು ಕಾಂದಿವಲಿಗೆ ಹೋಗುವವನು ಸ್ವಂತ ಹಿತ್ತಲನ್ನು ಏಕೆ ನೋಡಿಯಾನು! ಅಂದು ಸಂಜೆ ಮನೆಗೆ ಹೋಗಿ ಗೋಡೆಯ ಗಿಡ ಕಿತ್ತು, ಖಂಡಾಳಾದ ಪೊಟ್ಟಣದ ಗಿಡದ ಪಕ್ಕದಲ್ಲಿಟ್ಟು ನೋಡಿದೆ. ಕೂದಲಿಗೆ ಕೂದಲು ಹೊಂದುತ್ತಿತ್ತು. ಹೊಂದದೆ ಇರಲು ಅವೇನು ಬೇರೆ ಜಾತಿಯೇ? ಅದರಿಂದ ಏನೂ ತಿಳಿಯುವಂತಿರಲಿಲ್ಲ.

ಮೂರು ವಾರ ಬಾಯಿ ಬಿಡಲಿಲ್ಲ. ಹೇಳಿದರೆ ಅವಳ ಅಧ್ಯಾಯ ಹೋಗುತ್ತದೆ, ಬಹುಶಃ ಡಿಗ್ರಿಯೂ. ಹೇಳದಿದ್ದರೆ ಸುಳ್ಳು ಅಚ್ಚಾಗುತ್ತದೆ. ಅದು ಸುಳ್ಳೆಂದೂ ನನಗೆ ಖಾತ್ರಿಯಿಲ್ಲವಲ್ಲ! ದಿನವೂ ಅಧ್ಯಾಯದ ಪುಟಗಳು ಬೆಳೆಯುತ್ತಿದ್ದವು. ಕೊನೆಗೆ ಒಂದು ಮಧ್ಯಾಹ್ನ, ಸಾಹೇಬರು ಪಾಠಕ್ಕೆ ಹೋದಾಗ, ಅವಳ ಮೇಜಿನ ಮುಂದೆ ನಿಂತೆ.

"ಲಲಿತಾ ಅವ್ರ, ಒಂದ್ ಮಾತ್ ಹೇಳೂದೈತ್ರಿ. ಆ ಗ್ವಾಡಿ ಮ್ಯಾಲಿಂದು... ನಾನ ಚೆಲ್ಲಿದ್ದು ಇರಬೇಕು. ಅಥವಾ ಇರಲಿಕ್ಕಿಲ್ಲ."

ಅವಳು ಪೆನ್ನು ಕೆಳಗಿಟ್ಟಳು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಅವಳು ನೋಟುಪುಸ್ತಕ ತೆಗೆದಳು.

"ಎಷ್ಟು ವರ್ಷ ಚೆಲ್ಲಿದಿರಿ?"

"ನಾಕು. ಅಲ್ಲ, ಮೂರು. ಒಂದ್ ವರ್ಷ ತುಳಸಿಗಿ."

"ಯಾವ ಬದಿಗೆ?"

"ಎಡಕ್ಕ. ಆದ್ರ ಎಡಕ್ಕ ಅಂದ್ರ ಯಾ ಕಡಿಂದ ನಿಂತು ನೋಡಿದ್ರ ಎಡಕ್ಕ ಅನ್ನೂದು..."

"ಹಳ್ಯಾಳರೇ," ಎಂದಳು, "ಬೇರೆಯವರ ಗಿಡಕ್ಕೆಲ್ಲ ಲೇಬಲ್ ಬರೀತೀರಿ. ನಿಮ್ಮದಕ್ಕೆ ಒಂದು ಬರೀಲಿಕ್ಕೆ ಆಗ್ಲಿಲ್ವಾ?"

ಇಷ್ಟೇ ಅಂದದ್ದು. ಬೈದಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಉಪಾಯವನ್ನೂ ಅವಳೇ ಹೇಳಿದಳು. ಗಿಡ ಇಲ್ಲಿಯದೇ ಆಗಿದ್ದರೆ, ನಾನು ಮಣ್ಣು ಚೆಲ್ಲದ ಬೇರೆ ಗುಡ್ಡಗಳಲ್ಲೂ ಅಲ್ಲೊಂದು ಇಲ್ಲೊಂದು ಇರಲೇಬೇಕು. ಮಳೆ ನಿಲ್ಲುವ ಮೊದಲು ಹುಡುಕಬೇಕು, ನಿಂತರೆ ಎಲ್ಲ ಮುದುಡಿ ಕಣ್ಣಿಗೆ ಬೀಳುವುದಿಲ್ಲ. ನಾನು ರಜೆ ಹಾಕಿ ದಾದರಿನಲ್ಲಿ ಲೋಕಲ್ ಬದಲಿಸಿ ಬದಲಿಸಿ ಸುತ್ತಿದೆ. ಆರನೆಯ ದಿನ ಕಾಂದಿವಲಿಯ ಒಂದು ಹಳೆಯ ಕಲ್ಲುಗಣಿಯ ಅಂಚಿನಲ್ಲಿ, ಅಂಗೈಯಷ್ಟು ಅಗಲ, ಕಂಬಳಿ ಕೊಪ್ಪೆಯ ಸಾಲು! ಅಲ್ಲೇ ಕುಣಿದುಬಿಟ್ಟೆ. ನೋಡಿದವರಿದ್ದರೆ ಮರುಳು ಎನ್ನುತ್ತಿದ್ದರು. ನಾನು ಅಲ್ಲಿ ಯಾವತ್ತೂ ಮಣ್ಣು ಚೆಲ್ಲಿರಲಿಲ್ಲ. ಲಲಿತಾಳ ಡಿಗ್ರಿ ಉಳಿಯಿತು!

ವಾಪಸ್ ಬರುವಾಗ ಲೋಕಲ್ಲಿನಲ್ಲಿ ಕೂತು, ಪೊಟ್ಟಣವನ್ನು ಭದ್ರವಾಗಿಡಲು ಚೀಲದ ತಳಕ್ಕೆ ಕೈ ಹಾಕಿದೆ. ಹೊಲಿಗೆಯ ಸಂದಿಯಿಂದ ಬೆರಳಿಗೆ ಕೆಂಪು ಮಣ್ಣು ಬಂತು. ಅದರಲ್ಲಿ ಒಂದೆರಡು ಒಣಗಿದ ಕೂದಲ ಟೋಪಿಗಳು. ಖಂಡಾಳಾದಿಂದ ತರುತ್ತಿದ್ದುದೂ ಇದೇ ಚೀಲದಲ್ಲಿ, ಮಳೆಗಾಲದಲ್ಲಿ ಊರೆಲ್ಲ ಸುತ್ತುತ್ತಿದ್ದುದೂ ಇದೇ ಚೀಲ ಹೊತ್ತು. ಹಿಂದಿನ ವರ್ಷಗಳಲ್ಲಿ ಆ ಗಣಿಯ ಅಂಚಿನಲ್ಲೇ ಕೂತು ಬುತ್ತಿ ಬಿಚ್ಚಿ ರೊಟ್ಟಿ ತಿಂದು, ಚೀಲ ತಲೆಕೆಳಗು ಮಾಡಿ ಕೊಡವಿದ್ದೆ. ಅಥವಾ ಅದು ಪಕ್ಕದ ಗಣಿಯೋ? ಮಾಹಿಮ್ ದಾಟುವವರೆಗೂ ಯೋಚಿಸಿದೆ. ತಿಳಿಯಲಿಲ್ಲ. ದಾದರಿನಲ್ಲಿ ಇಳಿಯುವುದನ್ನೂ ಮರೆತು ಮುಂದೆ ಹೋದೆ.

ಮಾಟುಂಗಾದ ಹೋಟೆಲಿಗೆ ಹೋಗಿ ತಂದೆ ಮಗಳ ಮುಂದೆ ಎರಡನ್ನೂ ಇಟ್ಟೆ, ಗಿಡ ಮತ್ತು ಚೀಲದ ಮಣ್ಣು. ಲಲಿತಾ ಮಣ್ಣಿನಲ್ಲಿದ್ದ ಟೋಪಿಯೊಂದನ್ನು ಬೆರಳ ತುದಿಯಲ್ಲಿ ಎತ್ತಿ ನೋಡಿದಳು.

"ಇನ್ನು ನೀವು ಹುಡುಕಿ ಪ್ರಯೋಜನ ಇಲ್ಲ. ನೀವು ಹೋದಲ್ಲೆಲ್ಲ ಅದು ಬಂದಿರಬಹುದು. ನೀವು ಯಾವತ್ತೂ ಹೋಗದ ಜಾಗ ಹೇಳಿ, ನಾನು ಹೋಗ್ತೇನೆ."

ಹೋದ ಜಾಗ ಹೇಳಬಹುದು, ಹೋಗದ ಜಾಗವನ್ನು ಹೇಗೆ ಹೇಳುವುದು? ನಕ್ಷೆ ಬಿಡಿಸಿ ಕೂತರೆ ಬೆರಳಿಟ್ಟಲ್ಲೆಲ್ಲ ಅನುಮಾನ. ಕಡೆಗೆ ಗೋರೆಗಾಂವ್‌ ಪೂರ್ವದ ಒಂದು ಗುಡ್ಡದ ಆಚೆ ಬದಿಗೆ, ಹೊಳೆ ದಾಟಬೇಕಲ್ಲ ಎಂಬ ಸೋಮಾರಿತನದಿಂದ, ನಾನು ಹೋಗಿಲ್ಲವೆಂದು ಖಾತ್ರಿಯಾಗಿ ಹೇಳಲು ಸಾಧ್ಯವಾಯಿತು. ನನ್ನ ಸೋಮಾರಿತನ ಕೆಲಸಕ್ಕೆ ಬಂದದ್ದು ಅದೊಂದೇ ಸಲ.

"ಒಬ್ಬಳೇ ಹೋಗುವುದಾ?" ಎಂದರು ರಾಯರು.

"ಅಪ್ಪ, ಮಳೆ ನಿಲ್ತದೆ."

ರಾಯರು ಗಲ್ಲಾಪೆಟ್ಟಿಗೆಯ ಬೀಗದ ಕೈಯನ್ನು ತಮ್ಮನಿಗೆ ಕೊಟ್ಟರು. ಹೋಟೆಲು ಇಟ್ಟ ಮೇಲೆ ಆ ಕುರ್ಚಿಯಿಂದ ಭಾನುವಾರ ಎದ್ದವರಲ್ಲ. "ನಾನು ಬರ್ತೇನೆ. ಪಾಚಿ ಹೆಕ್ಕುವುದಲ್ವಾ, ಮಲ್ಲಿಗೆ ಹೆಕ್ಕಿದವರಿಗೆ ಅದೆಂತ ಮಹಾ," ಎಂದರು. ನನ್ನ ಚೀಲ ಬೇಡ, ನನ್ನ ಚಾಕು ಬೇಡ, ನಾನು ಮುಟ್ಟಿದ್ದು ಯಾವುದೂ ಬೇಡ ಎಂದು ಲಲಿತಾ ಕಟ್ಟುನಿಟ್ಟು ಮಾಡಿದಳು. ಹೋಟೆಲಿನ ತೊಳೆದ ಟಿಫಿನ್ ಕ್ಯಾರಿಯರ್, ಅಡಿಗೆಮನೆಯ ಚಮಚ ತೆಗೆದುಕೊಂಡು ಇಬ್ಬರೂ ಹೋದರು. ಪಂಚೆ ಎತ್ತಿಕಟ್ಟಿ, ಕೊಡೆ ಬಗಲಲ್ಲಿಟ್ಟು ಹೊರಟ ರಾಯರನ್ನು ನೋಡಿ ನನಗೆ ನಾಚಿಕೆಯಾಯಿತು. ನನ್ನ ಮರೆವಿನಿಂದಾಗಿ ಆ ವಯಸ್ಸಿನವರು ಕೆಸರಿನ ಗುಡ್ಡ ಹತ್ತುವಂತಾಗಿತ್ತು.

ನಾನು ಹೋಟೆಲಿನಲ್ಲೇ ಕೂತೆ. ಎಷ್ಟು ಕಾಫಿ ಕುಡಿದೆನೋ. ದೇವರಲ್ಲಿ ಏನು ಬೇಡಿಕೊಳ್ಳಬೇಕೆಂಬುದೂ ಗೊಂದಲ. ಸಿಗಲಿ ಎಂದರೆ ನನ್ನ ತಪ್ಪು ಮುಚ್ಚಿಹೋಗಲಿ ಎಂದಂತೆ, ಸಿಗದಿರಲಿ ಎಂದರೆ ಅವಳು ಹಾಳಾಗಲಿ ಎಂದಂತೆ. ಸುಮ್ಮನೆ ಕೈಮುಗಿದೆ, ಬೇಡಿಕೆಯನ್ನು ಅವನಿಗೇ ಬಿಟ್ಟೆ.

ಸಂಜೆ ಬಂದರು. ರಾಯರ ಮಂಡಿಯ ಚರ್ಮ ಕಿತ್ತುಹೋಗಿತ್ತು, ಕೊಡೆಯ ಕಡ್ಡಿ ಮುರಿದಿತ್ತು. ಟಿಫಿನ್ನಿನ ನಾಲ್ಕೂ ಡಬ್ಬಿಗಳಲ್ಲಿ ಹಾವಸೆ. ಒಂದೊಂದನ್ನೇ ತೆಗೆದು ಬಾಳೆಲೆಯ ಮೇಲೆ ಹರಡಿ, ಭೂತಗನ್ನಡಿ ಹಿಡಿದು ಲಲಿತಾ ನೋಡಿದಳು. ಅವೆಲ್ಲ ಬೇರೆ. ಒಂದು ಕೂದಲ ಟೋಪಿಯೂ ಇಲ್ಲ. ಆಮೇಲೆ ಇನ್ನೂ ಎರಡು ಭಾನುವಾರ ಹೋದರು, ನಾನು ಕಾಲಿಟ್ಟಿಲ್ಲವೆಂದು ನಂಬಿದ್ದ ಬೇರೆ ಗುಡ್ಡಗಳಿಗೆ. ಇಲ್ಲ. ಅಷ್ಟರಲ್ಲಿ ಮಳೆ ನಿಂತಿತು.

"ಇಲ್ಲ ಅಂದ್ರೆ ಇಲ್ಲ," ಎಂದರು ರಾಯರು, ಮಗಳ ತಲೆಯ ಮೇಲೆ ಕೈಯಿಟ್ಟು. "ಇದ್ದದ್ದು ಇದ್ದ ಹಾಗೆ ಬರಿ. ಡಿಗ್ರಿ ಬಂದರೆ ಬಂತು."

ಸಾಹೇಬರಿಗೆ ನಾನೂ ಲಲಿತಾಳೂ ಹೋಗಿ ಹೇಳಿದೆವು. ನಾನು ಅವರನ್ನು ಅಷ್ಟು ಸಿಟ್ಟಿನಲ್ಲಿ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ತುಂಬಿದ ಸಭೆಯಲ್ಲಿ ಹೇಳಿ ಬಂದಿದ್ದೇನೆ, ಈಗ ಏನು ಮುಖ ತೋರಿಸಲಿ ಎಂದು ಕೂಗಿದರು. ಆಮೇಲೆ ದನಿ ತಗ್ಗಿಸಿ, ಖಾತ್ರಿಯಿಲ್ಲ ಎಂದ ಮೇಲೆ ಸುಮ್ಮನಿದ್ದರೂ ನಡೆಯುತ್ತದೆಯಲ್ಲ, ಗೋಡೆಯಲ್ಲಿ ಗಿಡ ಇರುವುದಂತೂ ನಿಜವಲ್ಲವೇ ಎಂದರು. ನನಗೆ ಆ ಮಾತು ಒಂದು ಗಳಿಗೆ ಸರಿಯೆನಿಸಿತು, ಸುಳ್ಳೇಕೆ ಹೇಳಲಿ. ಲಲಿತಾ ಮಾತ್ರ ತಲೆ ತಗ್ಗಿಸಿಯೇ, "ಇಲ್ಲ ಸರ್," ಎಂದಳು. ಎರಡು ದಿನ ಸಾಹೇಬರು ಅವಳ ಹಸ್ತಪ್ರತಿಯನ್ನು ಡ್ರಾವರಿನಲ್ಲಿಟ್ಟು ಬೀಗ ಹಾಕಿದರು. ಮೂರನೆಯ ದಿನ ಸಹಿ ಮಾಡಿ ಕೊಟ್ಟರು. ನನ್ನ ಜೊತೆ ಮಾತಾಡಲು ಮಾತ್ರ ಮುಂದಿನ ಮಳೆಗಾಲದವರೆಗೆ ತೆಗೆದುಕೊಂಡರು.

ಅಧ್ಯಾಯವಿದ್ದ ಜಾಗದಲ್ಲಿ, ಆ ಗಿಡ ಎಲ್ಲಿಂದ ಬಂದಿರಬಹುದು ಎಂಬ ನಾಲ್ಕು ಪುಟ ಉಳಿದವು. ಅವನ್ನು ಟೈಪಿಗೆ ಕೊಡುವ ಮೊದಲು ಲಲಿತಾ ನನ್ನನ್ನು ಕರೆದಳು.

"ಇದರಲ್ಲಿ ನಿಮ್ಮ ಹೆಸರು ಉಂಟು. ಬೇಡ ಅಂದರೆ 'ಒಬ್ಬ ಸಹಾಯಕ' ಅಂತ ಮಾಡ್ತೇನೆ. ನಿಮ್ಮ ಕೆಲಸ ಇನ್ನೂ ಕಾಯಂ ಆಗ್ಲಿಲ್ಲ ಅಲ್ವಾ?"

"ಹೆಸರ ಇರಲಿ ಬಿಡ್ರಿ. ಲೇಬಲ್ ಅಂದ್ರ ಪೂರಾ ಇರಬೇಕು," ಎಂದೆ. ಧೈರ್ಯದಿಂದ ಹೇಳಿದಂತೆ ಕಂಡೀತು. ಕೆಲಸ ಹೋದೀತೆಂಬ ಹೆದರಿಕೆ ಇದ್ದೇ ಇತ್ತು.

ದೀಪಾವಳಿಗೆ ನಾಲ್ಕು ದಿನ ಮುಂಚೆ ಪ್ರಬಂಧ ಕೊಟ್ಟಳು. ಬೇಸಗೆಯಲ್ಲಿ ಮೌಖಿಕ ಪರೀಕ್ಷೆ. ಹೊರಗಿನಿಂದ ಬಂದ ಪರೀಕ್ಷಕರು ಬಿಳಿ ಕೂದಲಿನ, ನಗು ಕಾಣದ ಮನುಷ್ಯ. ನಾನು ಸ್ಲೈಡುಗಳ ತಟ್ಟೆ ಹಿಡಿದು ಬಾಗಿಲ ಹೊರಗೆ ನಿಂತಿದ್ದೆ. ಒಳಗಿನಿಂದ ಏನೂ ಕೇಳುತ್ತಿರಲಿಲ್ಲ. ಒಂದು ಗಂಟೆಯ ಮೇಲೆ ಸಾಹೇಬರು ಬಾಗಿಲು ತೆಗೆದು, ಮಾತಾಡದೆ, ಕೈಸನ್ನೆಯಲ್ಲಿ ನನ್ನನ್ನು ಒಳಗೆ ಕರೆದರು. ಪರೀಕ್ಷಕರ ಮುಂದೆ ಪ್ರಬಂಧದ ಆ ಪುಟ ತೆರೆದಿತ್ತು.

"ಹಳ್ಯಾಳ ಎಂದರೆ ನೀವೋ?"

"ಹೌದು ಸರ್."

"ಇನ್ನೂ ಎಲ್ಲೆಲ್ಲಿ ಹಬ್ಬಿಸಿದ್ದೀರಿ?"

"ಗೊತ್ತಿಲ್ಲ ಸರ್."

ಅವರು ಕನ್ನಡಕ ತೆಗೆದು ಒರೆಸಿಕೊಂಡು, ಲಲಿತಾಳ ಕಡೆ ತಿರುಗಿ, "ಈ ನಾಲ್ಕು ಪುಟ ಇಲ್ಲದಿದ್ದರೆ ಉಳಿದ ಪಟ್ಟಿಯನ್ನು ನಾನು ಇಷ್ಟು ಸುಲಭವಾಗಿ ನಂಬುತ್ತಿರಲಿಲ್ಲ," ಎಂದರು. ಅವಳು ಪಾಸಾದಳು. ಹೋಟೆಲಿನಲ್ಲಿ ಅಂದು ಬಂದವರಿಗೆಲ್ಲ ರಾಯರು ಬಾದಾಮಿ ಹಲ್ವ ಹಂಚಿದರು.

ಟೈಪು ಮಾಡಿದ ಒಂದು ಪ್ರತಿಯನ್ನು ಲಲಿತಾ ನನಗೆ ಕೊಟ್ಟಳು. ರಟ್ಟು ಹಾಕಿಸಿ, ನನ್ನ ಹೆಸರು ಬರೆದು. ಮನೆಗೆ ತಂದು ಅತ್ತೆಯ ಮುಂದೆ ಆ ಪುಟ ತೆಗೆದು, ಇಂಗ್ಲಿಷಿನ ಸಾಲನ್ನು ಕನ್ನಡದಲ್ಲಿ ಓದಿ ಹೇಳಿದೆ: ಈ ಗಿಡ ಮುಂಬಯಿಗೆ ಬಂದಿರಬಹುದಾದ ಮಾರ್ಗಗಳು, ಗಾಳಿ, ಹರಿಯುವ ನೀರು, ಹಕ್ಕಿಗಳ ಕಾಲು ಮತ್ತು ಶ್ರೀ ಎಸ್. ಹಳ್ಯಾಳ.

ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಇದು ಹೊಗಳಿದ್ದೋ ಬೈದದ್ದೋ?" ಎಂದು ಕೇಳಿದಳು.

ನನಗೆ ಅಳು ಬಂದುಬಿಟ್ಟಿತ್ತು. ಹೊಗಳಿದ್ದಕ್ಕೋ ಬೈದದ್ದಕ್ಕೋ ಎಂದು ಗೊತ್ತಾಗದೆಯೇ ಅತ್ತುಬಿಟ್ಟೆ.